ಎಲ್ಲದಕ್ಕೂ ತಜ್ಞರಾದ ದೇಜಪ್ಪ

ಪ್ರೊಫೆಸರ್ ದೇಜಪ್ಪ ಬಂಗೇರರಿಗೆ ನಿಜವಾಗಿ ತಿಳಿದಿದ್ದ ವಿಷಯ ಒಂದೇ: ಮಣ್ಣು. ಮಸ್ಕತ್‌ನ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷ, ಯಾವ ನೆಲ ಎಷ್ಟು ಭಾರ ತಾಳೀತು ಎಂಬುದನ್ನು ಅವರು ಒಂದು ಅಂಕಿಯೂ ತಪ್ಪದಂತೆ ಕಲಿಸಿದರು. ಅವರನ್ನು ಕೆಡಿಸಿದ್ದು ಟಿವಿ.

ಊರಿನ ಕಡೆ ಸೇತುವೆಯೊಂದರ ಬದಿ ಕುಸಿದಾಗ ಕನ್ನಡ ಸುದ್ದಿವಾಹಿನಿಯೊಂದು ಅವರನ್ನು ಚರ್ಚೆಗೆ ಕರೆಯಿತು. ಅಲ್ಲಿ ರಾತ್ರಿ ಒಂಬತ್ತು. ಮಸ್ಕತ್‌ನ ಅಲ್ ಮವಾಲೇಹ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಸಂಜೆ ಏಳೂವರೆ, ತಿಂಗಳು ಜೂನ್. ಏಸಿಯ ಸದ್ದು ಮೈಕಿಗೆ ಕೇಳಿಸುತ್ತದೆಂದು ಅದನ್ನು ಆರಿಸಿ, ಪಂಚೆಯ ಮೇಲೆ ಕೋಟು ತೊಟ್ಟು ಕುಳಿತ ಪ್ರೊಫೆಸರರು ಹತ್ತೇ ನಿಮಿಷದಲ್ಲಿ ಬೆಂದುಹೋದರು. ಮುಖ ಕೆಂಪಾಯಿತು; ಮಾತು ಬೇಗ ಮುಗಿಸುವ ಆತುರದಲ್ಲಿ ದನಿ ಏರಿತು. ನಾಡು ಇದನ್ನು ಸಾತ್ವಿಕ ಕೋಪವೆಂದು ತಿಳಿಯಿತು.

ಪರದೆಯ ಮೇಲೆ ‘ಅಂತರರಾಷ್ಟ್ರೀಯ ಸೇತುವೆ ತಜ್ಞ’ ಎಂದು ಬರೆದಿದ್ದರು. ಅದು ತಪ್ಪೆಂದು ಅವರು ಮರುದಿನ ಫೋನಿನಲ್ಲಿ ತಿಳಿಸಿದರು.

“ಸೇತುವೆ ನಿಲ್ಲೋದು ಮಣ್ಣಿನ ಮೇಲೇ ಅಲ್ವಾ ಸಾರ್?” ಎಂದರು ವಾಹಿನಿಯವರು.

ಅದನ್ನು ಖಂಡಿಸಬೇಕಾದವರು ನಕ್ಕುಬಿಟ್ಟದ್ದೇ ಮೊದಲ ಅಪರಾಧ. ಮುಂದಿನ ಸಲ ಅವರು ಚಂಡಮಾರುತ ತಜ್ಞರಾದರು, ಆಮೇಲೆ ಲಿಫ್ಟ್ ತಜ್ಞರು, ಉಪಗ್ರಹ ತಜ್ಞರು. ಮೂರು ವರ್ಷಗಳಲ್ಲಿ ಅರವತ್ತೆರಡು ಚರ್ಚೆಗಳು; ಮಣ್ಣಿನ ಬಗ್ಗೆ ಎರಡು.

ಕೋಪಕ್ಕೂ ಗಿರಾಕಿಗಳಿರುತ್ತಾರೆ. ಪಕ್ಷವೊಂದರ ಜಿಲ್ಲಾ ಕಾರ್ಯದರ್ಶಿ ಆಸ್ವಾಲ್ಡ್ ಕರೆ ಮಾಡಿ, ವಿಧಾನಸಭೆಗೆ ಟಿಕೆಟ್ ಖಚಿತ, ಕೆಲಸ ಬಿಟ್ಟು ಬಂದರಾಯಿತು ಎಂದರು. ಖಚಿತವೆಂಬುದನ್ನು ಬರವಣಿಗೆಯಲ್ಲಿ ಕೇಳಿ ಎಂದು ಪತ್ನಿ ಹರಿಣಾಕ್ಷಿ ಹೇಳಿ ನೋಡಿದರು. ದೇಜಪ್ಪ ಗುರುವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟರು. ಕಾಲೇಜು ಮಧ್ಯಾಹ್ನದೊಳಗೆ ಅಂಗೀಕರಿಸಿತು. ಒಂದು ತಿಂಗಳ ನೋಟಿಸ್ ಮುಗಿದು ಅವರು ಪೆಟ್ಟಿಗೆ ಕಟ್ಟುತ್ತಿದ್ದಾಗ, ನಾಮಪತ್ರಕ್ಕೆ ಐದು ದಿನ ಉಳಿದಿರುವಂತೆ, ಆಸ್ವಾಲ್ಡರ ಫೋನು ಬಂತು.

“ಪ್ರೊಫೆಸರ್ರೇ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ ಅಲ್ಲ?”

“ಎಂತ ಮಾರಾಯ್ರೆ, ನಾನು ಬಂಟ್ವಾಳದಲ್ಲಿ ಓಟು ಹಾಕಿದವ.”

“ಯಾವ ವರ್ಷ?”

ದೇಜಪ್ಪನವರಿಗೆ ವರ್ಷ ನೆನಪಾಯಿತು; ಅದು ಮಸ್ಕತ್‌ಗೆ ಬರುವುದಕ್ಕೂ ಮೊದಲಿನದು.

ಊರಲ್ಲಿ ಮನೆಯಿದ್ದರೆ ಪಟ್ಟಿಯಲ್ಲಿ ಹೆಸರೂ ಇರುತ್ತದೆಂಬ ಗಲ್ಫಿನವರ ನಂಬಿಕೆಯೇ ಅವರದೂ ಆಗಿತ್ತು. ಪರಿಶೀಲನೆಗೆ ಬಂದ ಸಿಬ್ಬಂದಿ ಬೀಗ ನೋಡಿ ‘ಸ್ಥಳಾಂತರ’ ಎಂದು ಬರೆದು ಒಂಬತ್ತು ವರ್ಷ ಕಳೆದಿತ್ತು. ಹೊರದೇಶದಲ್ಲಿರುವ ಮತದಾರರಿಗೆ ಬೇರೆಯೇ ಅರ್ಜಿಯಿದೆ. ಅದರ ಗಡುವು ಮುಗಿದಿತ್ತು. ಪಟ್ಟಿಯಲ್ಲಿಲ್ಲದವರು ಚುನಾವಣೆಗೆ ನಿಲ್ಲುವಂತಿಲ್ಲ. ಮತದಾರನ ಕರ್ತವ್ಯದ ಬಗ್ಗೆ ಇದೇ ಪ್ರೊಫೆಸರರು ಏಳು ಚರ್ಚೆಗಳಲ್ಲಿ ಗುಡುಗಿದ್ದರೆಂಬುದು ದಾಖಲಾದ ಸಂಗತಿ.

“ಮೇಡಮ್ಮನ ಹೆಸರುಂಟು,” ಎಂದರು ಆಸ್ವಾಲ್ಡ್. “ಅವರು ನಿಲ್ತಾರಾ?”

ಹರಿಣಾಕ್ಷಿ ಫೋನು ತೆಗೆದುಕೊಂಡರು. “ನನಗೆ ಕೋಪ ಬರುವುದಿಲ್ಲ ಆಸ್ವಾಲ್ಡರೇ. ನಿಮಗೆ ಉಪಯೋಗವಿಲ್ಲ.” ಫೋನು ಇಟ್ಟು ಗಂಡನತ್ತ ತಿರುಗಿದರು. “ನಾನು ಹೊರದೇಶದವರ ಅರ್ಜಿ ತುಂಬಿದ ದಿನ ನಿಮಗೂ ಒಂದು ಫಾರ್ಮ್ ಕೊಟ್ಟಿದ್ದೆ. ಉಪಗ್ರಹದ ಚರ್ಚೆ ಉಂಟು ಅಂದಿರಿ.”

ಶುಕ್ರವಾರ-ಶನಿವಾರದ ವಾರದ ರಜೆ ಮುಗಿದು ಭಾನುವಾರ ಕಾಲೇಜು ತೆರೆಯುವ ಹೊತ್ತಿಗೆ ದೇಜಪ್ಪ ಕಚೇರಿಯ ಬಾಗಿಲಲ್ಲಿದ್ದರು. ಅವರ ಹುದ್ದೆಗೆ ಬೇರೆಯವರು ಬಂದಾಗಿತ್ತು. ಪ್ರೊಫೆಸರಿಕೆ ಖಲಾಸ್ ಎಂದು ಅಲ್ಲಿನವರು ತಿಳಿಸಿದರು. ಪ್ರಯೋಗಾಲಯದಲ್ಲಿ ಒಂದು ಸೆಮಿಸ್ಟರಿನ ಮಟ್ಟಿಗೆ, ಅರ್ಧ ಸಂಬಳದ ಕೆಲಸವೊಂದು ಖಾಲಿಯಿತ್ತು: ‘ಮಣ್ಣು ಪರೀಕ್ಷೆಯ ಬೋಧಕ’. ದೇಜಪ್ಪ ಕನ್ನಡಕ ಹಾಕಿಕೊಂಡು ನೇಮಕಪತ್ರದಲ್ಲಿ ಅದನ್ನು ಎರಡು ಸಲ ಓದಿದರು. ಮೂರು ವರ್ಷಗಳಲ್ಲಿ ಅವರ ಹೆಸರಿನ ಕೆಳಗೆ ಇತರರು ಬರೆದದ್ದರಲ್ಲಿ ತಪ್ಪಿಲ್ಲದ್ದು ಅದೊಂದೇ. ಸಹಿ ಮಾಡಿದರು.