ಹತ್ತು ಮಂದಿಯ ಮುಂದೆ

ಅತ್ತೆಯ ಬಲಗೈ ಹೆಬ್ಬೆರಳ ಬುಡದಲ್ಲಿ ಹಂಚು ಸುಟ್ಟ ಕಪ್ಪು ಕಲೆಯಿತ್ತು. ರೊಟ್ಟಿ ಬಡಿದು ಬಡಿದು ಅಂಗೈ ಎಷ್ಟು ಒರಟಾಗಿತ್ತೆಂದರೆ, ಬೆನ್ನ ಮೇಲೆ ಬಿದ್ದ ಪೆಟ್ಟು ಪ್ರೀತಿಯದೋ ಸಿಟ್ಟಿನದೋ ತಿಳಿಯುತ್ತಿರಲಿಲ್ಲ. ನನ್ನಪ್ಪನ ಒಬ್ಬಳೇ ತಂಗಿ. ಹೊಡೆಯುವ ಗಂಡನನ್ನು ಬಿಟ್ಟು ಬಂದು ಆನೆಗೊಂದಿಯ ಹೊಳೆದಂಡೆಯಲ್ಲಿ ಖಾನಾವಳಿ ಹಾಕಿದ್ದಳು. ಉಣ್ಣಲು ಬರುವವರಲ್ಲಿ ಪ್ರವಾಸಕ್ಕೆ ಬಂದ ಇಸ್ರೇಲಿನ ಹುಡುಗ ಹುಡುಗಿಯರೇ ಹೆಚ್ಚು.

ಅಜ್ಜಿ ಸಾಯುವಾಗ ಅತ್ತೆ ಗಂಗಾವತಿಯ ನಮ್ಮ ಮನೆಗೆ ಓಡಿ ಬಂದಳು. ಅಪ್ಪ ಹೊಸ್ತಿಲಲ್ಲೇ ತಡೆದ. "ಕಂಡಕಂಡ ಪರದೇಶದವರಿಗೆ ಬಡಸೋ ಕೈಲೆ ಅವ್ವನ ಬಾಯಾಗ ನೀರು ಬಿಡಬ್ಯಾಡ" ಎಂದ. ಅತ್ತೆ ಅಂಗಳದಲ್ಲಿ ನಿಂತಿದ್ದಾಗಲೇ ಒಳಗೆ ಅಜ್ಜಿಯ ಉಸಿರು ನಿಂತಿತು.

ಅಪ್ಪನಿಗೂ ಅದು ಚುಚ್ಚುತ್ತಿತ್ತು. ಪ್ರತಿ ನವರಾತ್ರಿಗೆ ಹುಲಿಗೆಮ್ಮನ ಗುಡಿಗೆ ಹೋಗಿ ನೆಲಕ್ಕೆ ಉದ್ದುದ್ದ ಬಿದ್ದೇಳುತ್ತ ದೀಡ ನಮಸ್ಕಾರ ಹಾಕಿ, ತರಚಿದ ಮೊಣಕಾಲಲ್ಲೇ ಖಾನಾವಳಿಗೆ ದೇವಿಯ ಅರಿಸಿನ ಭಂಡಾರ ತರುತ್ತಿದ್ದ. ತಪ್ಪಾಯಿತು ಎಂಬ ಮಾತು ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ.

ಒಂದು ವರ್ಷ ನಾನೂ ಜೊತೆಗೆ ಹೋಗಿದ್ದೆ. ಒಲೆ ತಣ್ಣಗಿತ್ತು. ಇಸ್ರೇಲಿನ ಹುಡುಗರೆಲ್ಲ ಬಿಳಿ ಬಟ್ಟೆ ತೊಟ್ಟು ಸುಮ್ಮನೆ ಕೂತಿದ್ದರು. ಅವರ ಪ್ರಾಯಶ್ಚಿತ್ತದ ದಿನವಂತೆ. ನಮ್ಮ ಏಕಾದಶಿಗೆ ಸಾಬೂದಾನಿ, ಬಾಳೆಹಣ್ಣು, ಚಹಾ ಎಲ್ಲ ನಡೆಯುತ್ತದೆ. ಅವರಿಗೆ ಗುಟುಕು ನೀರೂ ಇಲ್ಲ. ಹಿಂದಿನ ದಿನ ಊರಿಗೆ ಫೋನ್ ಹಚ್ಚಿ ಅಮ್ಮನಲ್ಲಿ, ಗೆಳತಿಯರಲ್ಲಿ ಕ್ಷಮೆ ಕೇಳುತ್ತಿದ್ದ ಹುಡುಗಿಯೊಬ್ಬಳು ಅತ್ತೆಗೆ ಮುರುಕು ಹಿಂದಿಯಲ್ಲಿ ತಿಳಿಸಿದ್ದಳು: ದೇವರಿಗೆ ಮಾಡಿದ ತಪ್ಪನ್ನು ಈ ದಿನ ದೇವರು ಮನ್ನಿಸುತ್ತಾನೆ, ಮನುಷ್ಯರಿಗೆ ಮಾಡಿದ್ದಕ್ಕೆ ಆ ಮನುಷ್ಯರನ್ನೇ ಕೇಳಬೇಕು.

ಅಪ್ಪ ಭಂಡಾರ ಹಚ್ಚಲು ಹೋದಾಗ ಅತ್ತೆ ಹಣೆ ಹಿಂದೆಳೆದಳು.

"ಅಣ್ಣಾ, ದೇವಿ ನಿನ್ನ ಮಾಫ್ ಮಾಡ್ಯಾಳಂದ್ರ ಛಲೋ ಆತು. ಆದ್ರ ಹೊಸ್ತಿಲದಾಗ ನೀ ನಿಲ್ಸಿದ್ದು ಆಕಿನ್ನಲ್ಲ. ನನ್ನ."

"ದೇವಿ ಭಂಡಾರ ಒಲ್ಲೆ ಅಂತಿ! ಭಾಳ ಸೊಕ್ಕು ಬಂದೈತಿ ನಿನಗ."

"ಬಂದೈತಿ. ಇರಲಿ ಬಿಡು, ನನ್ನ ಹತ್ರ ಅದೊಂದ ಉಳದೈತಿ."

ಅಪ್ಪ ದಡದಡ ಹೊರಟುಹೋದ. ಮಂದಿ ಅತ್ತೆಯನ್ನೇ ಬೈದರು. ನನಗೆ ಮಾತ್ರ ಆಕೆಯ ಬಗ್ಗೆ ಅವತ್ತು ಹುಟ್ಟಿದ ಹೆಮ್ಮೆ ಇನ್ನೂ ಇಳಿದಿಲ್ಲ. ಆಕೆ ನನ್ನ ಬೆನ್ನಿಗೊಂದು ಗುದ್ದಿ ನಕ್ಕಳು: "ಯಾರನ್ನ ಮಾಫಿ ಕೇಳಬೇಕೋ ಆಕಿನ ಸತ್ತಹೋದ್ರ ಹ್ಯಾಂಗ ಅಂತ ಆ ಹುಡುಗಿನ್ನ ಕೇಳಿದೆ. ಹತ್ತು ಮಂದಿ ಕರಕೊಂಡು, ಆಕಿನ್ನ ಹೂಳಿದ ಕುಣಿ ಮುಂದ ನಿಂತು ತಪ್ಪಾತು ಅಂತ ಹೇಳಬೇಕಂತ. ನಿಮ್ಮಪ್ಪನ್ನ ಬಿಡಬ್ಯಾಡ ಮಗಳ."

ಹೋದ ವರ್ಷ ಅತ್ತೆ ತೀರಿಕೊಂಡಳು. ಕುಣಿಗೆ ಇಳಿಸಿದ ಮೇಲೆ ಅಪ್ಪ ಹಿಡಿ ಮಣ್ಣು ತೆಗೆದುಕೊಂಡ. ನಾನು ಅವನ ಮುಂಗೈ ಹಿಡಿದೆ.

"ಅಪ್ಪಾ, ಹತ್ತು ಮಂದಿಗಿಂತ ಹೆಚ್ಚ ಅದಾರ. ಹೇಳಿ ಆಮ್ಯಾಲ ಮಣ್ಣು ಹಾಕು."

"ಹೊತ್ತು ಮುಳಗತೈತಿ, ಬಿಡವಾ" ಎಂದರು ಹಿರಿಯರೊಬ್ಬರು. ನಾನು ಬಿಡಲಿಲ್ಲ.

ಅಪ್ಪ ಕುಣಿಯ ಕಡೆ ಬಾಗಿದ. "ತಂಗೀ, ಅವ್ವನ ಬಾಯಾಗ ನೀರು ಬಿಡಾಕ ನಿನ್ನ ಬಿಡಲಿಲ್ಲ. ತಪ್ಪು ನಂದು" ಎಂದ, ತುಟಿಯೊಳಗೇ.

"ಆಕಿಗೆ ಕೇಳಸಲಿಲ್ಲ" ಎಂದೆ.

ಅಪ್ಪ ಕೂಗಿ ಹೇಳಿದ. ಆಗ ಅವನ ಕೈ ಬಿಟ್ಟೆ.