ಎರಡು ಸೀಟಿನ ಕಾರೂ ಒಂದು ಕೆಮ್ಮೂ

ನೀವು ಇದನ್ನು ನಂಬುವುದಿಲ್ಲ ಎಂಬ ವಿಷಯದಲ್ಲಿ ನನಗೆ ಸಂಪೂರ್ಣ ನಂಬಿಕೆಯಿದೆ. ಆದ್ದರಿಂದ ಯಾರು ಬೇಕಾದರೂ ಬಂದು ಮುಟ್ಟಿ ನೋಡಬಹುದಾದ ಒಂದು ಸಾಕ್ಷಿಯಿಂದಲೇ ಆರಂಭಿಸುತ್ತೇನೆ. ಬಸವನಗುಡಿಯ ನಮ್ಮ ಮನೆಯ ಕಾಂಪೌಂಡ್ ಗೋಡೆಯ ಹೊರಮೈಯಲ್ಲಿ, ಗೇಟಿನ ಪಕ್ಕ, ಸೊಂಟದ ಎತ್ತರಕ್ಕೆ ಒಂದು ಕಪ್ಪು ಗೀರಿದೆ. ಪುರಾತತ್ವದವರು ಕಂಡರೆ ಶಾಸನವೆಂದು ಬೇಲಿ ಹಾಕಿಯಾರು. ವಾಸ್ತವದಲ್ಲಿ ಅದು ನಮ್ಮ ಅಪ್ಪನ ಸೈಕಲ್ಲಿನ ಹ್ಯಾಂಡಲ್ ರಬ್ಬರಿನ ಗುರುತು. ಸೈಕಲ್ಲಿನ ಸ್ಟ್ಯಾಂಡು ನಾನು ಹುಟ್ಟುವ ಮೊದಲೇ ಮುರಿದುಹೋಗಿತ್ತಂತೆ. ಅಂದಿನಿಂದ ಅಪ್ಪ ಕಚೇರಿಯಿಂದ ಬಂದವರೇ ಅದನ್ನು ಆ ಗೀರಿಗೆ ಒರಗಿಸಿ ಒಳಗೆ ಬರುತ್ತಾರೆ. ಗೋಡೆಗೆ ಪ್ರತಿವರ್ಷ ಸುಣ್ಣ ಹೊಡೆಸುತ್ತೇವೆ, ಒಂದು ವಾರ ಗೀರು ಅಜ್ಞಾತವಾಸ ಮಾಡುತ್ತದೆ, ಆಮೇಲೆ ಪ್ರತ್ಯಕ್ಷ.

ಅಪ್ಪ ಇರುವುದು ಕಂಟ್ರಾಕ್ಟರುಗಳ ಬಿಲ್ಲು ಪಾಸು ಮಾಡುವ ಸರ್ಕಾರಿ ಕಚೇರಿಯಲ್ಲಿ. ಅಂಥ ಕುರ್ಚಿಯಲ್ಲಿ ಕೂತವರ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತು, ನಮ್ಮದು ಹಾಗಿಲ್ಲ. ದೀಪಾವಳಿಗೆ ಬಂದ ಸಿಹಿಯ ಡಬ್ಬಗಳನ್ನು ಅಪ್ಪ ಹೊಸ್ತಿಲು ದಾಟಗೊಡದೆ, ತಂದವನಿಗೆ ಒಂದು ಲೋಟ ಕಾಫಿ ಕುಡಿಸಿ, ಅವನ ಕೈಯಲ್ಲೇ ಹಿಂದಕ್ಕೆ ಕಳಿಸುತ್ತಾರೆ. ಹೀಗೆ ನಮ್ಮ ಗೇಟಿನವರೆಗೆ ಬಂದು ದರ್ಶನ ಮಾತ್ರ ಕೊಟ್ಟು ಹೋದ ಮೈಸೂರು ಪಾಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ನಮ್ಮ ಬಡಾವಣೆಯ ಬ್ಯೂಗಲ್ ರಾಕ್ ಬಂಡೆಗೆ ತನ್ನ ಎತ್ತರದ ಬಗ್ಗೆ ಕೀಳರಿಮೆ ಬರುತ್ತಿತ್ತು.

ಹೋದ ವರ್ಷ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜು ಸೇರಿದೆ. ಮೂಗಿನ ಕೆಳಗೆ ಏನೋ ಕಪ್ಪಗೆ ಕಾಣಿಸತೊಡಗಿತ್ತು, ಬುದ್ಧಿ ಮಾತ್ರ ಇನ್ನೂ ಅಂಕುರಿಸಿರಲಿಲ್ಲ. ಸಂಜೆ ಪಾರ್ಕಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂರುವವನು ನಾಗರಾಜ, ಒಬ್ಬ ಕಂಟ್ರಾಕ್ಟರರ ಮಗ, ಮನೆಯಲ್ಲಿ ಕಾರಿರುವವನು. ಅವನು ಒಂದು ದಿನ ತಣ್ಣಗೆ ಹೇಳಿದ: “ನಿಮ್ಮಪ್ಪ ವಾಪಸ್ ಕಳಿಸಿದ್ರಲ್ಲ, ಆ ಮೈಸೂರ್ ಪಾಕ್ ನಾನೇ ತಿಂದೆ ಮಗಾ. ಚೆನ್ನಾಗಿತ್ತು.”

ಪ್ರಿಯ ಓದುಗರೇ, ನಿಮಗೂ ಇಂಥ ಸ್ನೇಹಿತನಿದ್ದರೆ ಮುಂದಿನದು ಅರ್ಥವಾದೀತು. ನಾನು ಆಕಾಶ ನೋಡುತ್ತ, “ನಮ್ಮನೆಗೂ ಕಾರ್ ಬರ್ತಿದೆ. ಸ್ಪೋರ್ಟ್ಸ್ ಕಾರು,” ಎಂದುಬಿಟ್ಟೆ.

“ಯಾವೂರಿಂದ ಗುರು, ವೈಕುಂಠದಿಂದಾನಾ?”

“ಮಡಿಕೇರಿಯಿಂದ.”

ಮಡಿಕೇರಿ ಗಾಳಿಯಿಂದ ಬಂದದ್ದಲ್ಲ. ಅವತ್ತೇ ಗಾಂಧಿ ಬಜಾರಿನಲ್ಲಿ ವಡೆ ಕಟ್ಟಿಕೊಟ್ಟಿದ್ದ ಇಂಗ್ಲಿಷ್ ಪೇಪರಿನ ತುಂಡಿನಲ್ಲಿ, ಮಡಿಕೇರಿಯ ಒಬ್ಬ ನಿವೃತ್ತ ಮೇಜರು ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಮಾರುವುದಾಗಿ ಜಾಹೀರಾತು ಕೊಟ್ಟಿದ್ದರು. ಬೆಲೆಯಿದ್ದ ಜಾಗವನ್ನು ವಡೆಯ ಎಣ್ಣೆ ನುಂಗಿತ್ತು. ನಾಗರಾಜನ ಮೂಗಿಗೆ ಹಿಡಿಯಲು ಒಂದು ಉತ್ತರ ಬಂದರೆ ಸಾಕೆಂದು, ಮೂರ್ತಿ ಎಂದು ಅಪ್ಪನ ಹೆಸರಿನಲ್ಲಿ ಒಂದು ಕಾರ್ಡು ಬರೆದು ಹಾಕಿದೆ. ಮರ್ಯಾದಸ್ಥರ ಕಾರ್ಡಿನಲ್ಲಿ ಫೋನ್ ನಂಬರು ಇರಬೇಕಷ್ಟೆ. ನಮ್ಮ ಬೀದಿಗೆಲ್ಲ ಇದ್ದದ್ದು ಎದುರು ಮನೆಯ ಶಾರದಮ್ಮನವರ ಫೋನು. ಅದನ್ನೇ ಕೊಟ್ಟೆ.

ಮೇಜರು ಕಾರ್ಡು ಬರೆಯಲಿಲ್ಲ. ಅಪ್ಪ ಕಚೇರಿಯಲ್ಲಿದ್ದ ಒಂದು ಮಧ್ಯಾಹ್ನ ಟ್ರಂಕ್ ಕಾಲ್ ಮಾಡಿದರು. ಫೋನೆತ್ತಿದ ಶಾರದಮ್ಮನವರಿಗೆ ಕಾರಿನ ವಿಚಾರವೆಲ್ಲ ಹೇಳಿಯೇ ನಮ್ಮನ್ನು ಕರೆಯಲು ಕೇಳಿದರಂತೆ. ನಾನು ಓಡಿಹೋದೆ, ಶಾರದಮ್ಮನವರು ಸುದ್ದಿಯನ್ನು ಪಕ್ಕದ ಮನೆಗೆ ಮುಟ್ಟಿಸಲು ಆಚೆ ಓಡಿದರು. ಮಡಿಕೇರಿಯ ಪಾಲಿಗೆ ನಾನೇ ಅಪ್ಪನಾದೆ.

ಆ ವರ್ಷ ನನ್ನ ಗಂಟಲು ಒಡೆಯುತ್ತಿತ್ತು. ಕೆಳಗಿನ ಷಡ್ಜದಲ್ಲಿ ಗಂಭೀರವಾಗಿ ಹೊರಟ ವಾಕ್ಯ ನಡುದಾರಿಯಲ್ಲಿ ಹೇಳದೆ ಕೇಳದೆ ಮೇಲಿನ ಷಡ್ಜಕ್ಕೆ ನೆಗೆಯುತ್ತಿತ್ತು. ನೆಗೆದಾಗಲೆಲ್ಲ ಕೆಮ್ಮಿ ಮುಚ್ಚಿದೆ.

“ಗಾಡಿ ಒಳ್ಳೇ ಕಂಡೀಷನ್‌ನಲ್ಲಿದೆ ಮೂರ್ತಿಯವರೇ. ನನ್ನ ಮಂಡೀನೇ ಮಡಚಲ್ಲ, ಅದಕ್ಕೇ ಕೊಡ್ತಿರೋದು. ನಿಮಗೇನು ಕೆಮ್ಮು ಜೋರಾಗಿದೆಯಲ್ಲ?”

ಇನ್ನು ಜಾರಿಕೊಳ್ಳಬೇಕೆಂದು, ಅಮ್ಮ ತರಕಾರಿಯವರ ಮುಂದೆ ಬಳಸುವ ಬ್ರಹ್ಮಾಸ್ತ್ರ ತೆಗೆದೆ: “ಕಣ್ಣಲ್ಲಿ ನೋಡ್ದೆ ಹೇಗ್ ಹೇಳೋದು ಹೇಳಿ.” ಗಾಂಧಿ ಬಜಾರಿನಲ್ಲಿ ಇದರ ಅರ್ಥ ‘ನನಗೆ ಬೇಡ, ನೀನು ಬೇಜಾರು ಮಾಡಿಕೊಳ್ಳಬೇಡ’ ಎಂದು. ತರಕಾರಿಯವರು ನಕ್ಕು ಬೇರೆ ಗಿರಾಕಿಯತ್ತ ತಿರುಗುತ್ತಾರೆ. ಸೈನ್ಯದಲ್ಲಿ ಮಾತಿಗೆ ಒಂದೇ ಅರ್ಥವೆಂಬುದು ನನಗೇನು ಗೊತ್ತು?

“ನ್ಯಾಯವಾದ ಮಾತು,” ಎಂದರು ಮೇಜರು. “ಶನಿವಾರ ತಂದು ತೋರಿಸ್ತೀನಿ.” ಲೈನು ಕಟ್ಟಾಯಿತು.

ಶನಿವಾರ ಅಮ್ಮ ಮಲ್ಲೇಶ್ವರದ ದೊಡ್ಡಮ್ಮನ ಮನೆಗೆ ಹೋಗಿದ್ದರು. ಅಪ್ಪನಿಗೆ ಸಂಜೆಯವರೆಗೂ ಕಚೇರಿ. ಬರಲಾರದು, ಬಂದರೂ ಮೈಸೂರಿನಲ್ಲಿ ಕೆಟ್ಟು ನಿಂತೀತು ಎಂದುಕೊಳ್ಳುತ್ತಲೇ, ಬಂದರೆ ಇರಲಿ ಎಂದು ಬಿಳೀ ಅಂಗಿಗೆ ಇಸ್ತ್ರಿ ಹಾಕಿಸಿ ನಾಗರಾಜನನ್ನೂ ಕರೆದಿದ್ದೆ. ಮನುಷ್ಯನ ಮನಸ್ಸು ನೋಡಿ.

ಬಂತು. ಕೆಂಪು ಎಂದರೆ, ಬೀದಿಯ ದಾಸವಾಳಗಳೆಲ್ಲ ನಾಚಿ ಮೊಗ್ಗಾಗುವಂಥ ಕೆಂಪು. ಕರೆಕ್ಟಾಗಿ ಆ ಕಪ್ಪು ಗೀರಿನ ಮುಂದೆ ನಿಂತಿತು. ಕಾರು ನೆಲಕ್ಕೆ ಅಂಟಿದಂತೆ, ಮೇಜರು ತೆಂಗಿನ ಮರದಂತೆ. ಮಂಡಿ ಮಡಚದ ಅವರು ಒಳಗಿನಿಂದ ಕಂತುಕಂತಾಗಿ ಹೊರಬಂದರು, ಮೊದಲು ಮೀಸೆ, ಬಹಳ ಹೊತ್ತಿನ ಮೇಲೆ ಬೂಟು. ನೋವಿಗೆ ಹಲ್ಲು ಕಚ್ಚಿದ್ದು ನನಗೆ ಕಂಡಿತು. ಕಾಣದವನಂತೆ ನಿಂತೆ. “ಅಪ್ಪ ಈಗ ಬರ್ತಾರೆ,” ಎಂದಷ್ಟೇ ಗೊಣಗಿದೆ, ಗಂಟಲು ನೆಗೆಯದಂತೆ.

ನಮ್ಮಜ್ಜಿ ಗೇಟಿನ ಹತ್ತಿರ ಬಂದು ಒಳಗೆ ಇಣುಕಿ, “ಇಬ್ರಿಗೇ ಜಾಗಾನಾ? ಅಷ್ಟು ದೂರದಿಂದ ಅರ್ಧ ಕಾರು ತರಿಸಿದಾನಲ್ಲೋ ನಿಮ್ಮಪ್ಪ,” ಎಂದರು. ಶಾರದಮ್ಮನವರು ಅರಿಶಿನ ಕುಂಕುಮ ತಂದು ಬಾನೆಟ್ಟಿಗೆ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ದೊಡ್ಡ ಗಣಪತಿ ಗುಡಿಯಲ್ಲಿ ಪೂಜೆ ನಾಳೆ ಎಂದು ಅವರೇ ತೀರ್ಮಾನಿಸಿದರು. ಬೀದಿಯೇ ನೆರೆಯಿತು. ನಾಗರಾಜನ ಬಾಯಿ ತೆರೆದದ್ದು ಮುಚ್ಚಿರಲಿಲ್ಲ. ನನ್ನ ಜೀವನದ ಅತ್ಯುತ್ತಮ ಹತ್ತು ನಿಮಿಷಗಳು ಅವು ಎಂದು ನಾಚಿಕೆಯಿಂದಲೇ ಒಪ್ಪುತ್ತೇನೆ.

ಆಮೇಲೆ ಶಾರದಮ್ಮನವರ ಯಜಮಾನರು, ರೆವಿನ್ಯೂ ಇಲಾಖೆಯಿಂದ ನಿವೃತ್ತರಾದ ಹಿರಿಯರು, ನನ್ನ ಬೆನ್ನು ತಟ್ಟಿದರು.

“ನಿಮ್ಮಪ್ಪನ ವಿಷಯದಲ್ಲಿ ನನಗೆ ಯೋಚ್ನೆ ಇತ್ತು ಕಣಯ್ಯ. ಅಂಥ ಸೀಟಲ್ಲಿ ಕೂತು ಸೈಕಲ್ ತುಳೀತಾನಲ್ಲ ಅಂತ. ಕೊನೆಗೂ ದಾರಿಗೆ ಬಂದ. ತಪ್ಪೇನಿಲ್ಲ, ಎಲ್ರೂ ತಿಂತಾರೆ.”

ಸುತ್ತ ನಿಂತವರು ತಲೆದೂಗಿದರು. ಯಾರ ಮುಖದಲ್ಲೂ ಕೋಪವಿರಲಿಲ್ಲ, ಅದೇ ಭಯಂಕರ. ಬಹುಕಾಲ ಮದುವೆಯಾಗದೆ ಉಳಿದವನಿಗೆ ಕೊನೆಗೂ ಕಂಕಣ ಕೂಡಿತು ಎನ್ನುವಂಥ ಸಮಾಧಾನವಿತ್ತು. ನಾಗರಾಜ ನನ್ನ ಕಿವಿಯಲ್ಲಿ, “ಈ ದೀಪಾವಳಿಗೆ ನಮ್ಮನೆ ಡಬ್ಬ ತೊಗೋತಾರೆ ಅನ್ನು,” ಎಂದ. ಅಣಕಿಸಲು ಹೇಳಿದ್ದಲ್ಲ ಅದು, ನಿಜಕ್ಕೂ ಖುಷಿಯಿಂದ ಹೇಳಿದ. ಅಷ್ಟು ವರ್ಷ ಗೇಟಿನಿಂದ ಹಿಂದಿರುಗಿದ್ದ ಮೈಸೂರು ಪಾಕುಗಳೆಲ್ಲ ಒಮ್ಮೆಲೇ ನನ್ನ ಕಣ್ಣ ಮುಂದೆ ಸಾಲಾಗಿ ನಿಂತವು. ‘ಹಾಗಲ್ಲ’ ಎನ್ನಲು ಎರಡು ಸಲ ಬಾಯಿ ತೆರೆದೆ. ನಾಗರಾಜನ ಮುಖ ನೋಡಿ ಎರಡು ಸಲವೂ ಮುಚ್ಚಿದೆ.

ತಿರುವಿನಲ್ಲಿ ಸೈಕಲ್ ಬೆಲ್ಲು ಕೇಳಿಸಿತು.

ಅಪ್ಪ ಇಳಿದು, ಜನರ ನಡುವೆ ಸೈಕಲ್ ತಳ್ಳಿಕೊಂಡು, ಅಭ್ಯಾಸಬಲದಿಂದ ಗೀರಿನ ಕಡೆಗೇ ಬಂದರು. ಅಲ್ಲಿ ಕಾರಿತ್ತು. ಒರಗಿಸಲು ಜಾಗವಿಲ್ಲದೆ ಹಾಗೇ ಹಿಡಿದು ನಿಂತರು. “ಕಾರ್ ತೊಗೊಂಡಿದ್ದು ಒಳ್ಳೇದಾಯ್ತು ಮೂರ್ತಿ,” ಎಂದು ಎದುರು ಮನೆಯವರು ಕೈ ಚಾಚಿದರು. ಅಷ್ಟರಲ್ಲಿ ಮೇಜರು ಕುಂಟುತ್ತ ಬಂದು ಒಂದು ಬಾಟಲಿ ಮುಂದೆ ಹಿಡಿದರು.

“ಮೂರ್ತಿಯವರೇ, ನಮ್ಮ ಕೊಡಗಿನ ಜೇನು. ನಿಮ್ಮ ಕೆಮ್ಮಿಗೆ ಅಂತ ತಂದೆ.”

“ನನಗೆ ಕೆಮ್ಮಿಲ್ಲವಲ್ಲ ಸಾರ್,” ಎಂದರು ಅಪ್ಪ.

ನಿಮ್ಮಾಣೆ, ನಾನು ಬೇಕೆಂದು ಮಾಡಿದ್ದಲ್ಲ. ಒಣಗಿದ ಗಂಟಲಿನಿಂದ ಕೆಮ್ಮು ತಾನಾಗಿ ಹೊರಬಿತ್ತು, ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ. ಮೇಜರು ಇಡೀ ದೇಹವನ್ನು ನನ್ನತ್ತ ತಿರುಗಿಸಿದರು. ಅವರು ನೋಡಿದ ಕಡೆ ಅಪ್ಪನೂ ನೋಡಿದರು.

“ಕಾರ್ ತೊಗೊಳೋ ಶಕ್ತಿ ನನಗಿಲ್ಲ ಸಾರ್,” ಎಂದರು ಅಪ್ಪ, ಮೆಲ್ಲಗೆ, ಆದರೆ ಬೀದಿಯ ಕೊನೆಗೂ ಕೇಳುವಂತೆ. “ನಮ್ಮ ಹುಡುಗ ನಿಮಗೆ ತೊಂದ್ರೆ ಕೊಟ್ಟಿದಾನೆ. ಕಾಲು ನೋವಲ್ಲಿ ಬಂದಿದೀರಿ, ಒಳಗೆ ಬನ್ನಿ.” ಆಮೇಲೆ ನನಗೆ ಒಂದೇ ಮಾತು: “ಹಿಡ್ಕೋ.”

ಸೈಕಲ್ ನನ್ನ ಕೈಗೆ ಬಂತು. ಅಪ್ಪ ಬಗ್ಗಿ ಚಕ್ರಗಳ ಕೆಳಗಿನ ನಿಂಬೆಹಣ್ಣುಗಳನ್ನು ಆಯ್ದು ಅಜ್ಜಿಯ ಕೈಗಿತ್ತು, “ತೊಳೆದು ಇವರಿಗೊಂದು ಲೋಟ ಪಾನಕ ಮಾಡಮ್ಮ,” ಎಂದು ಮೇಜರಿಗೆ ಭುಜ ಕೊಟ್ಟು ಒಳಗೆ ಹೋದರು.

ಗುಂಪು ಕರಗಿತು, ಕೊಂಚ ನಿರಾಸೆಯಿಂದಲೇ. ನಾಗರಾಜ ಮಾತ್ರ ನಿಂತಿದ್ದ. “ಕೊಡು ಮಗಾ, ಸ್ವಲ್ಪ ಹೊತ್ತು ನಾನ್ ಹಿಡ್ಕೋತೀನಿ,” ಎಂದ. ಬೇಡವೆಂದು ತಲೆಯಾಡಿಸಿದೆ. ಆ ಸೈಕಲ್ ಅಷ್ಟು ಭಾರವೆಂದು ನನಗೆ ಗೊತ್ತೇ ಇರಲಿಲ್ಲ. ಅದು ನಿಲ್ಲಲಿಲ್ಲ, ನನ್ನ ಹೊಟ್ಟೆಗೇ ಒರಗಿಕೊಂಡಿತು. ಗೋಡೆಯ ಗೀರನ್ನು ನೀವು ನಂಬದಿದ್ದರೆ ಆ ಬಿಳೀ ಅಂಗಿಯನ್ನೂ ತೋರಿಸಬಲ್ಲೆ. ಸೊಂಟದ ಎತ್ತರಕ್ಕೆ, ಅಷ್ಟೇ ಕಪ್ಪಗೆ ಇದೆ. ಎಷ್ಟು ಒಗೆದರೂ ಹೋಗಿಲ್ಲ.