ಹಾರ ಹಾಕಿದ ಕಂಪ್ಯೂಟರು

ಬಸವಕಲ್ಯಾಣದ ಕೋಟೆಯಿಂದ ಹೆದ್ದಾರಿಗೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ನಮ್ಮ ಆಫೀಸು. ಯಾವುದೋ ದೇಶದ ರಸ್ತೆಯ ಫೋಟೊಗಳಲ್ಲಿ ಇದು ಕಾರು, ಇದು ಮನುಷ್ಯ ಎಂದು ಗುರುತು ಹಾಕಿ ಕಂಪ್ಯೂಟರಿಗೆ ಕಲಿಸುವುದು ನಮ್ಮ ಕೆಲಸ. ಚಹಾದ ಹೊತ್ತಿಗೆ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಮಾತ್ರ ಎಲ್ಲ ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತಾರೆ. ಮರುದಿನ ಬನ್ನಿ ಹಂಚುವವರೆಗೆ ಯಾರೂ ಅವನ್ನು ಮುಟ್ಟುವುದಿಲ್ಲ.

ಹೋದ ವರ್ಷ ಪೂಜೆಯ ಪೇಢೆ ಇನ್ನೂ ಬಾಯಲ್ಲಿತ್ತು, ಕೆಲಸ ಕೊಡುವ ಕಂಪನಿಯಿಂದ ಫೋನು ಬಂತು. ಕಳಿಸಿದ ಫೋಟೊಗಳಲ್ಲಿ ತಪ್ಪುಗಳಿವೆ, ನಾಳೆಯೊಳಗೆ ತಿದ್ದಿ ಕೊಡದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ. ಹುಮನಾಬಾದಿನಿಂದ ದಿನಾ ಬರುವ ನಮ್ಮ ಮೇಲ್ವಿಚಾರಕರು ಸೀದಾ ನನ್ನ ಹತ್ತಿರ, ಪಕ್ಕದಲ್ಲಿದ್ದ ಮುಸ್ಲಿಂ ಗೆಳತಿಯ ಹತ್ತಿರ ಬಂದರು.

“ನಿಮಗಿಬ್ಬರಿಗೇನ್ ಪೂಜಿ ಇಲ್ಲಲ್ಲ. ಇವತ್ತೂ ನಾಳೀನೂ ಕೂತು ಮುಗಿಸಿಬಿಡ್ರಿ.”

ನನಗೆ ಮೈ ಉರಿಯಿತು. ದಸರೆಯೆಂದರೆ ನಮ್ಮವರು ಬೌದ್ಧ ಧರ್ಮಕ್ಕೆ ಬಂದ ದಿನ. ಮರುದಿನ ಬೆಳಿಗ್ಗೆ ಮೋರಖಂಡಿಯ ಬುದ್ಧವಿಹಾರದಲ್ಲಿ ನನ್ನ ಮಗಳು ಮೊದಲ ಸಲ ಎಲ್ಲರೆದುರು ಬುದ್ಧವಂದನೆ ಹೇಳುವವಳಿದ್ದಳು. ನೀನು ಎದುರಿಗಿದ್ದರೆ ಮಾತ್ರ ಹೇಳುತ್ತೇನೆ ಎಂದು ಹಟ ಹಿಡಿದಿದ್ದಳು. ರಜೆ ಕೇಳಿದಾಗ ಇದೇ ಮನುಷ್ಯ ಹೂಂ ಅಂದಿದ್ದರು.

“ಪೂಜಿ ಇಲ್ಲ ಖರೇ. ನಾಳಿ ನನಗೂ ಹಬ್ಬ ಅದರಿ,” ಅಂದೆ.

ಎಲ್ಲರ ಅನ್ನಕ್ಕೆ ಕಲ್ಲು ಹಾಕುತ್ತೀಯಾ ಎಂದು ಕೇಳಿದರು. ಉಳಿದವರು ಕೈಕಟ್ಟಿಕೊಂಡು ನನ್ನ ಮುಖ ನೋಡುತ್ತ ಕೂತಿದ್ದರು. ಅವರ ಹಬ್ಬ ಮುಟ್ಟಬಾರದ್ದು, ನನ್ನದು ಮುಂದೂಡುವಂಥದ್ದು! ಈ ಕೆಲಸ ಹೋದರೆ ನಮ್ಮ ಮನೆ ನಡೆಯುವುದಿಲ್ಲ. ಆದರೂ ನನ್ನ ಕಂಪ್ಯೂಟರಿನ ಹಾರ ತೆಗೆದು ಬದಿಗಿಟ್ಟೆ.

“ಇವತ್ತ ಕೂಡ್ತೀನ್ರಿ. ನಾಳಿ ಬರಂಗಿಲ್ಲ. ಎಲ್ಲಾರೂ ಕೂತ್ರ ಸಂಜಿಗೆ ಮುಗೀತದ.”

ಗೆಳತಿಯೂ ತನ್ನ ಕಂಪ್ಯೂಟರು ಚಾಲೂ ಮಾಡಿದಳು. ಇಬ್ಬರಿಂದ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ ಅದು. ಬೇರೆ ಯಾರೂ ಕದಲಲಿಲ್ಲ. ಬಹಳ ಹೊತ್ತಾದ ಮೇಲೆ ಮೇಲ್ವಿಚಾರಕರು ತಮ್ಮ ಕೀಬೋರ್ಡಿಗೆ ಹಣೆ ಮುಟ್ಟಿಸಿ, ತಪ್ಪಾಯ್ತು ತಾಯಿ ಎಂದು ದೇವಿಯ ಹತ್ತಿರ ಗೊಣಗಿ ಹಾರ ತೆಗೆದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಕತ್ತಲಾಗುವ ಮುಂಚೆ ಕೆಲಸ ಮುಗಿಯಿತು.

ಮರುದಿನ ವಿಹಾರದಲ್ಲಿ, ಬಿಳಿ ಫ್ರಾಕು ತೊಟ್ಟ ಮಗಳು ವಂದನೆಯ ನಡುವೆ ತಡವರಿಸಿ ನಿಂತುಬಿಟ್ಟಳು. ಗಾಬರಿಯಿಂದ ಜನರಲ್ಲಿ ನನ್ನನ್ನು ಹುಡುಕಿದಳು. ನಾನು ಎದುರಿಗೇ ಕೂತಿದ್ದೆ. ನನ್ನನ್ನೇ ನೋಡುತ್ತ ಪೂರ್ತಿ ಹೇಳಿದಳು.